ಬಲಗೊಂಬಿನ ಕೆಂಪು

ದನಗಳ ದೊಡ್ಡ ರೋಗ ತಡೆಯಲು ಸರ್ಕಾರ ಮಾಡಿದ ಹುಕುಮನ್ನು ಒಂದು ಡಬ್ಬಿ ಕೆಂಪು ಬಣ್ಣದಿಂದ ಕೆಡಿಸಿದವನು ನಾನೇ. ಬೇರೆಯವರು ಹೇಳುವುದಕ್ಕೆ ಮುಂಚೆ ನಾನೇ ಹೇಳಿಬಿಡುವುದು ವಾಸಿ. ಹುಣಸೂರಿನವರ ಬಾಯಲ್ಲಿ ಆ ಡಬ್ಬಿ ಆಗಲೇ ಪೀಪಾಯಿಯಾಗಿದೆ, ಇನ್ನೊಂದು ವರ್ಷಕ್ಕೆ ಕೆರೆಯಾಗುತ್ತದೆ.

ಆದದ್ದು ಇಷ್ಟು. ರೋಗ ಬಾರದಂತೆ ಸೂಜಿ ಹಾಕಿಸಿಕೊಂಡ ದನ ಯಾವುದು, ಹಾಕಿಸಿಕೊಳ್ಳದ್ದು ಯಾವುದು ಎಂದು ನೋಡಿದ ಕೂಡಲೇ ತಿಳಿಯಬೇಕಿತ್ತು. ಅದಕ್ಕೆ ಏನು ಗುರುತು ಮಾಡುವುದು ಎಂದು ದೊಡ್ಡದೊಡ್ಡವರು ತಲೆ ಕೆರೆದುಕೊಳ್ಳುತ್ತಿದ್ದಾಗ, ಸೂಜಿ ಹಾಕಿದ ದನದ ಬಲಗೊಂಬಿಗೆ ಕೆಂಪು ಬಣ್ಣ ಬಳಿದರೆ ಆಯಿತಲ್ಲ ಎಂದವನು ನಾನು. ಅದನ್ನು ಹೇಳಿದ್ದು ಧನುರ್ಮಾಸದಲ್ಲಿ. ಧನುರ್ಮಾಸ ಕಳೆದರೆ ಸಂಕ್ರಾಂತಿ. ಸಂಕ್ರಾಂತಿಯ ದಿನ ನಮ್ಮ ಸೀಮೆಯಲ್ಲಿ ಕೊಂಬು ಇರುವ ಯಾವ ಪ್ರಾಣಿಯೂ ಬಣ್ಣ ಬಳಿಸಿಕೊಳ್ಳದೆ ತಪ್ಪಿಸಿಕೊಳ್ಳುವಂತಿಲ್ಲ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳಿ ಪಾರಾಗುವ ಹಾಗೂ ಇಲ್ಲ. ನಾನು ಹುಟ್ಟಿದ್ದು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ, ನಡೆಯಲು ಕಲಿತದ್ದು ಕರುವಿನ ಬಾಲ ಹಿಡಿದುಕೊಂಡು. ವರ್ಷಾ ವರ್ಷಾ ನಮ್ಮ ಮನೆಯ ದನಗಳ ಕೊಂಬಿಗೆ ಬಣ್ಣ ಬಳಿಯುವ ಕೆಲಸವೂ ನನ್ನದೇ ಆಗಿತ್ತು. ಇಷ್ಟೆಲ್ಲ ಇದ್ದೂ ಅದು ಹೊಳೆಯಲಿಲ್ಲವೆಂದರೆ ಅದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಅದಕ್ಕೆ ಮೈಮೇಲೆ ಸರ್ಕಾರದ ಖಾಕಿ ಕೋಟು ಇರಬೇಕು.

ಕೋಟು ಇತ್ತು. ನಾನು ಹುಣಸೂರಿನ ದನದ ಆಸ್ಪತ್ರೆಯಲ್ಲಿ ಡ್ರೆಸ್ಸರ್ ಆಗಿದ್ದೆ. ನಮ್ಮವ್ವ ಅದನ್ನು ಊರೆಲ್ಲ ‘ಡಾಕ್ಟ್ರಿಗಿಂತ ಒಂದು ಮೆಟ್ಟಿಲು ಕೆಳಗೆ’ ಎಂದು ಹೇಳಿಕೊಂಡು ತಿರುಗುತ್ತಿದ್ದಳು. ಆ ಮೆಟ್ಟಿಲು ಚಾಮುಂಡಿ ಬೆಟ್ಟದಷ್ಟು ಎತ್ತರ ಇದೆ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಇನ್ಸ್‌ಪೆಕ್ಟರು ದನದ ಮುಂಭಾಗವನ್ನು ಪರೀಕ್ಷೆ ಮಾಡುತ್ತಿದ್ದರು, ನಾನು ಹಿಂಭಾಗವನ್ನು ಹಿಡಿದುಕೊಳ್ಳುತ್ತಿದ್ದೆ. ಒದೆ ತಿನ್ನುವ ವಿದ್ಯೆಯಲ್ಲಿ ಪರೀಕ್ಷೆ ಇಟ್ಟಿದ್ದರೆ ಮೈಸೂರು ಸಂಸ್ಥಾನಕ್ಕೇ ಮೊದಲನೆಯವನಾಗಿ ಪಾಸಾಗುತ್ತಿದ್ದೆ.

ನಮ್ಮ ಇನ್ಸ್‌ಪೆಕ್ಟರು ಮೈಸೂರು ಪೇಟೆಯಿಂದ ಬಂದವರು. ಮೆತ್ತನೆಯ ಮಾತಿನ, ಸದಾ ನಿದ್ದೆಗೆಟ್ಟವರ ಹಾಗೆ ಕಾಣುವ ಮನುಷ್ಯ. ಅವರಿಗೆ ಒಂದು ಕಾಯಿಲೆ ಇತ್ತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದುಬಿಡುತ್ತಿದ್ದರು. ಸರ್ಕಾರಿ ನೌಕರರಲ್ಲಿ ಇಂಥ ಕಾಯಿಲೆಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಆ ವರ್ಷ ರಾಗಿ ಕುಯಿಲು ಮುಗಿಯುವ ಹೊತ್ತಿಗೆ ಹೆಗ್ಗಡದೇವನಕೋಟೆಯ ಕಡೆಯಿಂದ ಸುದ್ದಿ ಬಂತು. ಸರಗೂರಿನ ಸಂತೆಗೆ ಬಂದಿದ್ದ ದನಗಳ ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ, ಕೆಲವು ಬಿದ್ದೂ ಹೋದವು ಎಂದು. ಅದು ಕಾಲುಬಾಯಿ ಜ್ವರ, ತಾನಾಗಿ ಬಂದು ತಾನಾಗಿ ಹೋಗುತ್ತದೆ ಎಂದರು ಕೆಲವರು. ಅಲ್ಲ, ಅದು ದೊಡ್ಡ ರೋಗ, ಬಂದರೆ ಕೊಟ್ಟಿಗೆ ಗುಡಿಸಿಕೊಂಡು ಹೋಗುತ್ತದೆ ಎಂದರು ಇನ್ನು ಕೆಲವರು. ಇನ್ಸ್‌ಪೆಕ್ಟರೂ ನಾನೂ ಗಾಡಿ ಕಟ್ಟಿಸಿಕೊಂಡು ನೋಡಲು ಹೋದೆವು. ಸತ್ತವನ್ನು ಆಗಲೇ ಹೂಳಿದ್ದರು. ನೋಡಲು ಸಿಕ್ಕಿದ್ದು ಒಂದು ಕರು. ಇನ್ಸ್‌ಪೆಕ್ಟರು ಅದರ ಬಾಯಿ ತೆರೆದು ಬಹಳ ಹೊತ್ತು ನೋಡಿದರು. ಯಾವ ರೋಗ ಎಂದು ಕೇಳಿದೆ. ಅದು ಇರಬಹುದು, ಇಲ್ಲದೆಯೂ ಇರಬಹುದು ಎಂದರು. ಬಾಲ ಹಿಡಿದುಕೊಂಡಿದ್ದ ನನಗೂ ಅಷ್ಟು ಗೊತ್ತಿತ್ತು.

ಅವರು ಮೈಸೂರಿಗೆ ಬರೆದದ್ದೂ ಇದನ್ನೇ. ಅಲ್ಲಿಯವರ ಕಷ್ಟ ಈಗ ನನಗೆ ಅರ್ಥವಾಗುತ್ತದೆ. ಯಾವ ರೋಗವೆಂದು ಖಚಿತವಾಗುವ ತನಕ ಕಾದರೆ ಅದು ದೊಡ್ಡ ರೋಗವೇ ಆಗಿದ್ದ ಪಕ್ಷಕ್ಕೆ ಆಗಲೇ ಎಲ್ಲ ಕಡೆಗೂ ಹಬ್ಬಿರುತ್ತದೆ. ಕಾಯದೆ ದಾರಿ ಕಟ್ಟಿ ಸೂಜಿ ಹಾಕಿಸಿದ ಮೇಲೆ ಬರೀ ಕಾಲುಬಾಯಿ ಜ್ವರ ಎಂದಾದರೆ ಜನ ಬಾಯಿಗೆ ಬಂದಂತೆ ಆಡಿಕೊಳ್ಳುತ್ತಾರೆ. ಕೊನೆಗೆ ಕಾಯುವುದು ಬೇಡವೆಂದೇ ತೀರ್ಮಾನವಾಗಿ ಹುಕುಂ ಬಂತು. ದನದ ಸಂತೆಗಳು ಬಂದ್. ರೋಗ ಆಚೆಗೆ ಹೋಗದಂತೆ ಹುಣಸೂರಿನ ಹೊಳೆಯ ಸೇತುವೆಯ ಮೇಲೆ ಪಹರೆ. ಸೇತುವೆಯಾಚೆ ಪಿರಿಯಾಪಟ್ಟಣದ ಕಡೆಯ ಹಳ್ಳಿಗಳ ದನಗಳಿಗೆ ಸೂಜಿ. ಸೂಜಿಯ ಗುರುತಿರುವ ದನ ಮಾತ್ರ ಸೇತುವೆ ದಾಟಬಹುದು.

ಆಚೆಯ ಹಳ್ಳಿಗಳಲ್ಲಿ ಒಂದು, ರಾವಂದೂರಿನ ಹತ್ತಿರದ್ದು, ನಮ್ಮ ಸೋದರತ್ತೆಯದು. ಅಪ್ಪನ ಅಕ್ಕ. ಗಂಡ ತೀರಿಕೊಂಡು, ಮಕ್ಕಳಿಲ್ಲದೆ ಒಬ್ಬಳೇ ಇದ್ದಳು. ಇದ್ದದ್ದು ಒಂದು ಹೊಲ, ಕರುಗಳಾಗಿದ್ದಾಗಿನಿಂದ ಕೈಯಾರೆ ಸಾಕಿ ಪಳಗಿಸಿದ ಒಂದು ಜೊತೆ ಹಳ್ಳಿಕಾರ್ ಎತ್ತು. ಮಾವ ಸತ್ತಾಗ ಅವಳ ಮೈದುನ ಪಂಚಾಯ್ತಿಯಲ್ಲಿ ಒಂದು ಮಾತು ಆಡಿಸಿಕೊಂಡಿದ್ದ. ಅತ್ತಿಗೆ ತನ್ನ ಎತ್ತಿನಲ್ಲಿ ಆರು, ಎಂದರೆ ನೇಗಿಲು, ಹೂಡಿಸುವ ತನಕ ಹೊಲ ಅವಳ ಸಾಗುವಳಿಯಲ್ಲಿ ಇರಲಿ, ಆಗದ ದಿನ ತಾನು ಉತ್ತುಕೊಳ್ಳುತ್ತೇನೆ, ಅವಳಿಗೆ ಊಟಕ್ಕೆ ಕಡಿಮೆ ಮಾಡುವುದಿಲ್ಲ ಎಂದು. ಮಾತು ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಅತ್ತೆಗೆ ಮಾತ್ರ ಅದರ ಅರ್ಥ ಗೊತ್ತಿತ್ತು. ಎತ್ತು ಇರುವ ತನಕ ಅವಳು ಮನೆಯ ಯಜಮಾನಿ. ಎತ್ತು ಹೋದ ದಿನ ಮೈದುನನ ಮನೆಯ ಒಲೆಯ ಮುಂದೆ ಕೂರುವ ಇನ್ನೊಂದು ಬಾಯಿ. ಅದಕ್ಕೇ ಅವಳು ಆ ಎತ್ತುಗಳಿಗೆ ಹುರುಳಿ ಬೇಯಿಸಿ ಹಾಕಿದ ಮೇಲೆಯೇ ತನಗೆ ಹಿಟ್ಟು ತೊಳಸುತ್ತಿದ್ದದ್ದು. ನಾನು ಹೋದ ದಿನ ಮೂರನೆಯ ಸರದಿ ನನ್ನದು.

ಆ ಊರಿನ ಚಾವಡಿಯಲ್ಲಿ ಸಭೆ ಸೇರಿತು. ಅಮಲ್ದಾರರು ಕುರ್ಚಿಯಲ್ಲಿ, ಇನ್ಸ್‌ಪೆಕ್ಟರು ಸ್ಟೂಲಿನಲ್ಲಿ, ನಾನು ಔಷಧದ ಪೆಟ್ಟಿಗೆಯ ಮೇಲೆ. ಅಮಲ್ದಾರರು ಹುಕುಮನ್ನು ಓದಿ ಹೇಳಿದರು. ತಕ್ಷಣ ಊರು ಎರಡಾಯಿತು, ಎರಡು ಮೂರಾಯಿತು. ದಾರಿ ಪೂರ್ತಿ ಕಟ್ಟಿಬಿಡಿ, ಸೂಜಿ ಬೇಡ ಎಂದರು ಒಂದು ಕಡೆಯವರು. ಸೂಜಿ ಬೇಕಾದರೆ ಹಾಕಿ, ದಾರಿ ಮಾತ್ರ ಕಟ್ಟಬೇಡಿ, ಹೊಗೆಸೊಪ್ಪಿನ ಗಾಡಿ ಹೋಗಬೇಕು ಎಂದರು ಇನ್ನೊಂದು ಕಡೆಯವರು. ಎರಡೂ ಬೇಡ, ಮಾರಮ್ಮನಿಗೆ ಮರಿ ಕಡಿಯೋಣ ಎಂದಿತು ಮತ್ತೊಂದು ಗುಂಪು. ಹುಣಸೂರಿನಿಂದ ಒಬ್ಬ ಸಾಹೇಬರು ಬಂದಿದ್ದರು, ಮೂರು ತಲೆಮಾರಿನಿಂದ ದನದ ವ್ಯಾಪಾರದ ಮನೆತನ. ಸಂತೆ ಬಂದಾದರೆ ಮೊದಲು ಕೂಳು ಹೋಗುವುದು ತಮಗೇ, ಆದರೂ ಒಂದು ತಿಂಗಳು ಸಹಿಸಿಕೊಳ್ಳುತ್ತೇವೆ, ಒಂದು ತಿಂಗಳೋ ಒಂದು ವರ್ಷವೋ ಎಂದು ಮಾತ್ರ ಹೇಳಿಬಿಡಿ ಎಂದು ಅವರು ಕೇಳಿದರು. ಅಮಲ್ದಾರರು ಹುಕುಮಿನ ಕಾಗದವನ್ನು ತಿರುವಿ ಹಿಂಬದಿಯನ್ನೂ ನೋಡಿದರು.

ಆಗ ಕಂಬದ ಮರೆಯಲ್ಲಿ ನಿಂತಿದ್ದ ನಮ್ಮತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಸ್ವಾಮಿ, ಸೂಜಿ ಆಕುಸ್ದ್ರೆ ಎತ್ತು ಉಳೀತದಾ?”

“ಬಹಳ ಮಟ್ಟಿಗೆ ಉಳಿಯುತ್ತಮ್ಮ,” ಎಂದರು ಇನ್ಸ್‌ಪೆಕ್ಟರು.

“ಬಾಳ ಮಟ್ಗೆ ಅಂದ್ರೆ?”

“ಜ್ವರ ಬರುತ್ತೆ, ಇಳಿಯುತ್ತೆ. ಎಲ್ಲೋ ಒಂದೊಂದು ಸಾಯಲೂಬಹುದು.”

“ಆಕುಸ್ದೆ ಇದ್ರೆ?”

“ರೋಗ ಬಂದರೆ ಉಳಿಯೋದು ಕಷ್ಟ.”

“ರೋಗ ಬತ್ತದಾ?”

ಇನ್ಸ್‌ಪೆಕ್ಟರು ಒಮ್ಮೆ ಅಮಲ್ದಾರರ ಮುಖ ನೋಡಿದರು. ಆಮೇಲೆ ಅತ್ತೆಯ ಮುಖ ನೋಡಿದರು.

“ಗೊತ್ತಿಲ್ಲಮ್ಮ,” ಎಂದರು.

 ಅಮಲ್ದಾರರು ರುಮಾಲಿನ ಅಂಚಿನಿಂದ ಹಣೆ ಒರೆಸಿಕೊಂಡರು. ವಾಪಸು ಬರುವಾಗ ಗಾಡಿಯಲ್ಲಿ, ಗೊತ್ತಿಲ್ಲ ಎಂದು ಹೇಳುವುದಕ್ಕೆ ನಿಮ್ಮನ್ನು ಇಲ್ಲಿಯವರೆಗೆ ಕರೆತರಬೇಕಿತ್ತೇ, ಅದನ್ನು ತಳವಾರನೂ ಹೇಳುತ್ತಿದ್ದ ಎಂದು ಇನ್ಸ್‌ಪೆಕ್ಟರನ್ನು ತರಾಟೆಗೆ ತೆಗೆದುಕೊಂಡರು. 

ಹೇಳುತ್ತ ಹೇಳುತ್ತ ನಾನು ಮುಂದಕ್ಕೆ ಓಡಿಬಿಟ್ಟೆ. ಸಭೆಯಲ್ಲಿ ಆಮೇಲೆ ಬಂದದ್ದು ಗುರುತಿನ ಪ್ರಶ್ನೆ. ಹುಕುಮಿನಲ್ಲಿ ಸೂಜಿ ಹಾಕಿದ ದನದ ಕಿವಿಯ ಅಂಚನ್ನು ಒಂದಿಷ್ಟು ಕತ್ತರಿಸಿ ಎಂದಿತ್ತು. ಅದನ್ನು ಓದಿದ್ದೇ ತಡ, ಮೂರು ಗುಂಪೂ ಒಂದಾಗಿ ಎದ್ದು ನಿಂತಿತು. ಕಿವಿ ಹರಿದ ಎತ್ತನ್ನು ಯಾರು ಕೊಳ್ಳುತ್ತಾರೆ, ಯುಗಾದಿಯ ಹೊನ್ನಾರಿಗೆ, ಅಂದರೆ ವರ್ಷದ ಮೊದಲ ಆರಿಗೆ, ಊನವಾದ ಎತ್ತನ್ನು ಯಾರು ಕಟ್ಟುತ್ತಾರೆ ಎಂದು. ಅಮಲ್ದಾರರು ಕೂಗಿದರು, ಪಟೇಲರು ಕೂಗಿದರು. ಸಭೆ ಮುರಿದುಬೀಳುವ ಹಾಗಾಯಿತು. ಆಗ ಪೆಟ್ಟಿಗೆಯ ಮೇಲಿಂದ ಎದ್ದ ಈ ಮಹಾಪುರುಷ ಬಲಗೊಂಬಿಗೆ ಕೆಂಪು ಬಣ್ಣ ಎಂದ.

ಎಲ್ಲರೂ ಒಪ್ಪಿದರು. ಒಬ್ಬರೂ ಬೇಡವೆನ್ನಲಿಲ್ಲ. ಆ ಊರಿನವರು ಅದಕ್ಕೆ ಮುಂಚೆ ಯಾವುದನ್ನಾದರೂ ಒಟ್ಟಿಗೆ ಒಪ್ಪಿದ್ದರು ಎಂಬುದಕ್ಕೆ ದಾಖಲೆ ಇಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಅದರ ಬದಲು ಅಮಲ್ದಾರರು ಹುಡುಗ ಚುರುಕಾಗಿದ್ದಾನೆ ಎಂದರು, ನಾನು ಕೋಟಿನ ಗುಂಡಿ ಹಾಕಿಕೊಂಡೆ. ಹೊಟ್ಟೆ ಉಬ್ಬಿಸಿದ ರಭಸಕ್ಕೆ ಒಂದು ಗುಂಡಿ ಕಿತ್ತು ಹೋಗಿ ಶಾನುಭೋಗರ ಮಡಿಲಲ್ಲಿ ಬಿತ್ತು.

ಸೂಜಿ ಹಾಕಬೇಕಾದ ದಿನ ಹೊಸ ತಕರಾರು ಹುಟ್ಟಿತು. ಯಾರ ದನಕ್ಕೆ ಮೊದಲು? ನಮ್ಮತ್ತೆಯ ಎತ್ತಿಗೇ ಮೊದಲು ಹಾಕುತ್ತೇನೆ ಎಂದೆ. ನೋಡಿದ್ಯಾ, ಒಳ್ಳೆ ಮದ್ದು ಖರ್ಚಾಗೋದಕ್ಕೆ ಮುಂಚೆ ತನ್ನವರಿಗೆ ಹಾಕ್ತಾನೆ ಎಂದರು. ಸರಿ, ಕೊನೆಗೆ ಹಾಕುತ್ತೇನೆ ಎಂದೆ. ನೋಡಿದ್ಯಾ, ನಮ್ಮ ದನದ ಮೇಲೆ ಪರೀಕ್ಷೆ ಮಾಡಿ ಆಮೇಲೆ ತನ್ನವರಿಗೆ ಹಾಕ್ತಾನೆ ಎಂದರು. ಮಧ್ಯದಲ್ಲಿ ಹಾಕುತ್ತೇನೆ ಎಂದಿದ್ದರೆ ಮಧ್ಯದಲ್ಲೇನೋ ಕಳ್ಳಾಟ ಇದೆ ಎನ್ನುತ್ತಿದ್ದರು.

ಕೊಟ್ಟಿಗೆಯಲ್ಲಿ ಅತ್ತೆ ಎತ್ತುಗಳ ಕತ್ತಿನ ಕೆಳಗಿನ ಗಂಗೆದೊಗಲು ಕೆರೆಯುತ್ತ ನಿಂತಿದ್ದಳು. ಅವರು ಗೊತ್ತಿಲ್ಲ ಅಂದರು, ನೀನು ಅವರ ಜೊತೆಗಿರೋನು, ನಿನಗೇನು ಅನ್ಸುತ್ತೆ ಹೇಳು ಎಂದು ಮೆಲ್ಲಗೆ ಕೇಳಿದಳು. ನನಗೂ ಹೆದರಿಕೆಯಿತ್ತು. ಹಾಕಿಸು ಎಂದು ಹೇಳಿ ಎತ್ತು ಸತ್ತರೆ? ಬೇಡ ಎಂದು ಹೇಳಿ ರೋಗ ಬಂದರೆ? ಬಾಯಿಗೆ ಬಂದದ್ದು ತಮಾಷೆ. ಮೈಸೂರಿನ ಮದ್ದು ಅತ್ತೆ, ಇನ್ನು ಮೇಲೆ ನಿನ್ನ ಎತ್ತು ಹುಲ್ಲು ಬೇಕಾದರೆ ‘ಸ್ವಲ್ಪ ದಯಮಾಡಿಸಿ’ ಅನ್ನುತ್ತವೆ ಎಂದೆ. ಅವಳು ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಚೆನ್ನಾಗಿಯೇ ನಕ್ಕಳು. ಆಮೇಲೆ ಎರಡು ಎತ್ತುಗಳನ್ನೂ ಒಂದೊಂದಾಗಿ ನೋಡಿ ಹೇಳಿದಳು.

“ಅಂಗಾರೆ ಒಂದ್ಕೆ ಆಕು. ಇನ್ನೊಂದ್ಕೆ ಬ್ಯಾಡ.”

ನನಗೆ ಅರ್ಥವಾಗಲಿಲ್ಲ.

“ಮದ್ದು ಕೆಟ್ಟದ್ದಾದ್ರೆ ಆಕ್ದೆ ಇರೋದು ಉಳೀತದೆ. ರೋಗ ಬಂದ್ರೆ ಆಕಿರೋದು ಉಳೀತದೆ. ಯಾವ್ದೋ ಒಂದ್ ಉಳ್ಕಂಡದೆ ಬುಡು.”

ಇನ್ಸ್‌ಪೆಕ್ಟರು ಅವಳಿಗೆ ತಿಳಿಸಿ ಹೇಳಿದರು. ಸೂಜಿ ಹಾಕಿದ ಎತ್ತಿಗೆ ಜ್ವರ ಇರುವಾಗ ಹಾಕದ ಎತ್ತು ಪಕ್ಕದಲ್ಲಿದ್ದರೆ ಅದಕ್ಕೂ ತಗುಲುವ ಭಯ ಉಂಟು, ಹಾಕಿದರೆ ಎರಡಕ್ಕೂ ಹಾಕಿಸು ಎಂದು. ತಗಲೇ ತಗಲುತ್ತದಾ ಎಂದಳು. ಅವರು ಮತ್ತೆ ಆ ಮಾತನ್ನೇ ಹೇಳಿದರು, ಗೊತ್ತಿಲ್ಲಮ್ಮ. ಬಲವಂತ ಮಾಡಲು ಹುಕುಮಿನಲ್ಲಿ ಅವಕಾಶವಿರಲಿಲ್ಲ. ಒಪ್ಪಿದವರಿಗೆ ಮಾತ್ರ ಹಾಕಿ ಎಂದಿತ್ತು. ಅತ್ತೆ ಬಲಗಡೆ ಕಟ್ಟುವ ಎತ್ತನ್ನು ಬಿಚ್ಚಿ ತಂದಳು. ಬಲಗೊಂಬಿಗೆ ಬಣ್ಣ ಎಂದ ಮೇಲೆ ಸೂಜಿಯೂ ಬಲಗಡೆಯದಕ್ಕೇ ಇರಬೇಕು ಎಂದು ಅವಳ ಲೆಕ್ಕ. ಶುಭಕ್ಕೆಲ್ಲ ಬಲವೇ ಮೊದಲು ಎಂಬುದೂ ಇತ್ತು.

ಬೇಲಿಯಾಚೆ ನಿಂತು ನೋಡುತ್ತಿದ್ದ ಊರಿಗೆ ಇದಕ್ಕಿಂತ ಬುದ್ಧಿವಂತಿಕೆಯ ಮಾತು ಇನ್ನೊಂದು ಕಾಣಲಿಲ್ಲ. ಅಲ್ಲಿಯ ತನಕ ಸೂಜಿಯೇ ಬೇಡವೆಂದವರು, ಬೇಕೆಂದವರು, ಮರಿ ಕಡಿಯುವವರು ಎಲ್ಲ ಮನೆಗೆ ಹೋಗಿ ತಮ್ಮ ತಮ್ಮ ಬಲಗಡೆಯ ಎತ್ತನ್ನು ಹಿಡಿದುಕೊಂಡು ಬಂದು ಸಾಲಾಗಿ ನಿಂತರು. ನಾನು ಸಂಜೆಯ ತನಕ ಬಣ್ಣ ಬಳಿದೆ. ಊರಿನ ಅರ್ಧ ದನಗಳಿಗಾದರೂ ಆಯಿತಲ್ಲ ಎಂದು ಅಮಲ್ದಾರರು ಮೇಲಕ್ಕೆ ವರದಿ ಮಾಡಿದರು. ಇನ್ಸ್‌ಪೆಕ್ಟರು ಮಾತ್ರ ಕೈ ತೊಳೆದುಕೊಳ್ಳುತ್ತ, ಹೀಗೆ ಅರ್ಧ ಮಾಡುವುದು ಪೂರ್ತಿ ಬಿಡುವುದಕ್ಕಿಂತ ಕೆಟ್ಟದ್ದಾದರೂ ಆಗಬಹುದು ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಸೂಜಿ ಹಾಕಿದ ಎತ್ತುಗಳಿಗೆ ಜ್ವರ ಬಂತು, ಇಳಿಯಿತು. ಒಬ್ಬರ ಮನೆಯಲ್ಲಿ ಒಂದು ಎತ್ತು ಸತ್ತಿತು. ಸತ್ತದ್ದು ಒಂದೇ ಆದರೂ ಅದು ಮದ್ದಿನಿಂದಲೇ ಸತ್ತಿತೆಂಬ ಮಾತು ನಮ್ಮ ಗಾಡಿಗಿಂತ ಮುಂಚೆ ಪಿರಿಯಾಪಟ್ಟಣ ಮುಟ್ಟಿತು. ಅತ್ತೆಯ ಎತ್ತು ನಾಲ್ಕಾರು ದಿನ ಮೇವು ಬಿಟ್ಟು ಮತ್ತೆ ತಿನ್ನತೊಡಗಿತು. ಅವಳು ನನಗೆ ಅವರೆಕಾಳು ಕಳಿಸಿದಳು.

ಹಾಗೆ ಸಂಕ್ರಾಂತಿ ಬಂತು.

ಎಲ್ಲರೂ ದನ ತೊಳೆದರು, ಕೊಂಬಿಗೆ ಬಣ್ಣ ಬಳಿದರು, ಸಂಜೆ ಕಿಚ್ಚು ಹಾಯಿಸಿದರು. ಬೇರೆ ವರ್ಷಗಳಲ್ಲಿ ನೀಲಿ, ಹಳದಿ, ಹಸಿರು ಎಲ್ಲ ಇರುತ್ತಿತ್ತು. ಆ ವರ್ಷ ಎಲ್ಲಿ ನೋಡಿದರೂ ಕೆಂಪು. ನಾನು ಹುಣಸೂರಿನ ಅಂಗಡಿಯೊಂದರಿಂದ ಬಣ್ಣ ಕೊಂಡಿದ್ದೆ. ಅಂಗಡಿಯವನು ಅದನ್ನೇ ಸರ್ಕಾರಿ ಬಣ್ಣ ಎಂದು ಹೆಸರಿಟ್ಟು ಇಡೀ ಸೀಮೆಗೆ ಮಾರಿದ್ದ. ಕೆಂಪು ಬಳಿದ ದನಕ್ಕೆ ರೋಗ ಬರುವುದಿಲ್ಲವಂತೆ ಎಂದು ಸುದ್ದಿ ಹಬ್ಬಿತ್ತು. ಮೋಸ ಮಾಡಬೇಕೆಂದು ಯಾರೂ ಬಳಿದದ್ದಲ್ಲ. ತಮ್ಮ ದನ ಉಳಿಯಲಿ ಎಂದು ಬಳಿದರು.

ಮಾರನೆಯ ಬೆಳಗ್ಗೆ ಸೇತುವೆಯ ಪಹರೆಯ ಜವಾನ ನನ್ನನ್ನು ಕರೆಕಳಿಸಿದ. ಹೋಗಿ ನೋಡಿದರೆ ಸೇತುವೆಯ ಈ ತುದಿಯಿಂದ ಸಂತೆಮಾಳದ ತನಕ ಗಾಡಿಗಳು, ಹೋರಿಗಳು, ಹಾಲು ಕರೆಯುವ ಎಮ್ಮೆಗಳು. ಎಲ್ಲದರ ಎರಡು ಕೊಂಬೂ ಕೆಂಪಗೆ ಹೊಳೆಯುತ್ತಿತ್ತು.

“ಸ್ವಾಮಿ, ಯಾವ್ದ ಬುಡ್ಲಿ?” ಎಂದ ಜವಾನ.

ನನ್ನ ಬುದ್ಧಿ ಇನ್ನೂ ಖರ್ಚಾಗಿರಲಿಲ್ಲ. ನಮ್ಮದು ಹಳೆಯ ಬಣ್ಣ, ಇವರದು ನೆನ್ನೆಯದು, ಉಗುರಲ್ಲಿ ಕೆರೆದರೆ ಗೊತ್ತಾಗುತ್ತದೆ ಎಂದು ಹೇಳಿ ಮೊದಲ ಜೊತೆಯ ಕೊಂಬಿಗೆ ಕೈ ಹಾಕಿದೆ. ಕೆರೆದೆ, ಮೂಸಿ ನೋಡಿದೆ, ಬಿಸಿಲಿಗೆ ಹಿಡಿದು ನೋಡಿದೆ. ಹೊಸದರ ಕೆಳಗೆ ಹಳೆಯದು ಇದೆಯೋ ಇಲ್ಲವೋ ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಮೂರನೆಯ ಜೊತೆಗೆ ಬರುವಷ್ಟರಲ್ಲಿ ಒಂದು ಎಮ್ಮೆ ನನ್ನ ಸಂಶೋಧನೆಯಿಂದ ಬೇಸತ್ತು ತಲೆ ಬೀಸಿತು. ನಾನು ಬಣ್ಣದ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿದ್ದೆ. ಎದ್ದಾಗ ಹಣೆ, ಮೂಗು, ಬಲಗಿವಿ ಎಲ್ಲ ಕೆಂಪು. ಜವಾನ ಕೋಲನ್ನು ಎತ್ತಿ ದಾರಿ ಬಿಟ್ಟ.

“ನೀವು ದಾಟ್‌ಬೌದು ಸ್ವಾಮಿ.”

ಸಾಲಿನಲ್ಲಿ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ದನದ ವ್ಯಾಪಾರದ ಸಾಹೇಬರೂ ಅಲ್ಲಿದ್ದರು, ಅವರ ಹೋರಿಗಳನ್ನು ಹಿಂದಿನ ವಾರವೆಲ್ಲ ತಡೆದು ನಿಲ್ಲಿಸಿದ್ದೆವು. ಅವರು ನನ್ನ ಕೈ ಹಿಡಿದು ಎಬ್ಬಿಸಿದರು.

“ಏನ್ರೀ ಡಾಕ್ಟ್ರೇ, ಇಡೀ ಸೀಮೆ ದನಕ್ಕೆಲ್ಲಾ ಒಂದೇ ರಾತ್ರೀಲಿ ಸೂಜಿ ಹಾಕ್ಬುಟ್ರಾ? ಮೈಸೂರ್ನೋರಿಗೆ ಗೊತ್ತಾದ್ರೆ ನಿಮ್ಗೆ ಬಿರುದು ಕೊಡ್ತಾರೆ ನೋಡಿ.”

ನಾನೂ ನಕ್ಕೆ. ಅಮಲ್ದಾರರು ನಗಲಿಲ್ಲ. ಸೇತುವೆಯನ್ನು ಪೂರ್ತಿ ಮುಚ್ಚಿಬಿಡಿ ಎಂದು ಇನ್ಸ್‌ಪೆಕ್ಟರು ಅವರನ್ನು ಕೇಳಿಕೊಂಡರು. ಹಾಗೆ ಮುಚ್ಚಲು ತಮಗೆ ಅಧಿಕಾರವಿಲ್ಲ, ಮೈಸೂರಿಗೆ ಬರೆದು ಕೇಳುತ್ತೇನೆ ಎಂದರು ಅವರು. ಅದೂ ಸುಳ್ಳಲ್ಲ. ಹೊಗೆಸೊಪ್ಪಿನ ಗಾಡಿಯವರು, ಬೆಲ್ಲದವರು, ಪೇಟೆಯ ವರ್ತಕರು ಎಲ್ಲ ಆಗಲೇ ಅವರ ಬಾಗಿಲಲ್ಲಿ ನಿಂತು, ಎಲ್ಲಿದೆ ರೋಗ, ತೋರಿಸಿ ಎಂದು ಕೇಳುತ್ತಿದ್ದರು. ಹುಣಸೂರಿನ ಸುತ್ತ ಅಲ್ಲಿಯ ತನಕ ಒಂದು ದನವೂ ಮಲಗಿರಲಿಲ್ಲ. ತೋರಿಸುವುದೇನನ್ನು? ಮೈಸೂರಿನ ಉತ್ತರ ಬರುವ ತನಕ ಕೆಂಪು ಇದ್ದದ್ದನ್ನೆಲ್ಲ ಬಿಡಿ ಎಂದಾಯಿತು. ಜವಾನ ಕೋಲನ್ನು ಗೋಡೆಗೆ ಒರಗಿಸಿ ಬೀಡಿ ಹಚ್ಚಿದ.

ಉತ್ತರ ಬಂತು, ಸೇತುವೆಯನ್ನು ಮುಚ್ಚಿ ಎಂದೇ ಬಂತು. ಅದು ಬರುವ ಹೊತ್ತಿಗೆ ಅತ್ತೆಯ ಊರಿನ ಎಡಗಡೆಯ ಎತ್ತುಗಳು ಮಲಗತೊಡಗಿದ್ದವು.

ನಾವು ಹೋದಾಗ ಅತ್ತೆಯ ಎಡಗಡೆಯ ಎತ್ತಿನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಇನ್ಸ್‌ಪೆಕ್ಟರು ಬಾಯಿ ತೆರೆಸಿ ನೋಡಿದರು. ಈ ಸಲ ಬಹಳ ಹೊತ್ತು ನೋಡಲಿಲ್ಲ. ಅತ್ತೆ ಏನೂ ಕೇಳಲೂ ಇಲ್ಲ. ರಾಗಿ ಅಂಬಲಿಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಅದರ ಗಂಟಲಿಗೆ ಹೊಯ್ಯುತ್ತಿದ್ದಳು, ಅದು ಹೊರಗೆ ಬರುತ್ತಿತ್ತು, ಮತ್ತೆ ಹೊಯ್ಯುತ್ತಿದ್ದಳು. ಬಲಗಡೆಯ ಎತ್ತನ್ನು ಹುಣಸೆಮರದ ಕೆಳಗೆ ದೂರ ಕಟ್ಟಿದ್ದಳು. ಅದು ಆಗಾಗ ಈ ಕಡೆ ತಿರುಗಿ ಕೂಗುತ್ತಿತ್ತು. ನಾನು ಏನಾದರೂ ಹೇಳಿ ನಗಿಸೋಣವೆಂದು ಬಾಯಿ ತೆರೆದೆ. ಅವಳು ನೋಡಿದಳು. ಬಾಯಿ ಮುಚ್ಚಿಕೊಂಡೆ. ಎತ್ತು ಮೂರನೆಯ ದಿನ ಸತ್ತಿತು.

ರೋಗ ಎಲ್ಲಿಂದ ಬಂತು ಎಂಬುದು ಇವತ್ತಿನ ತನಕ ತೀರ್ಮಾನವಾಗಿಲ್ಲ. ಸೇತುವೆ ದಾಟಿ ಬಂತು, ಈ ಕೆಂಪು ಬಣ್ಣದವನಿಂದಲೇ ಬಂತು ಎನ್ನುತ್ತಾರೆ ಕೆಲವರು. ಸೂಜಿ ಹಾಕಿದ ಎತ್ತೇ ಪಕ್ಕದ ಎತ್ತಿಗೆ ಅಂಟಿಸಿತು, ರೋಗ ತಂದದ್ದೇ ಸರ್ಕಾರ ಎನ್ನುತ್ತಾರೆ ಉಳಿದವರು. ಸೂಜಿ ಹಾಕಿಸಿಕೊಂಡವು ಹೆಚ್ಚಾಗಿ ಉಳಿದವು, ಆದರೆ ಒಂದೆರಡು ಸತ್ತವು. ಹಾಕಿಸಿಕೊಳ್ಳದವು ಹೆಚ್ಚಾಗಿ ಸತ್ತವು, ಆದರೆ ಒಂದೆರಡು ಉಳಿದವು. ಹಾಗಾಗಿ ಯಾರ ವಾದವೂ ಸೋಲಲಿಲ್ಲ. ಮರಿ ಕಡಿದವರು ಕೂಡ, ನಾವು ಕಡಿಯದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ ಎಂದು ಎದೆ ಉಬ್ಬಿಸಿಕೊಂಡು ತಿರುಗಿದರು. ಇನ್ಸ್‌ಪೆಕ್ಟರನ್ನು ವಿಚಾರಣೆಗೆ ಕರೆದಾಗ, ಎರಡೂ ಆಗಿರಬಹುದು, ನನಗೆ ಗೊತ್ತಿಲ್ಲ ಎಂದರಂತೆ. ಅವರನ್ನು ಎಲ್ಲಿಗೋ ವರ್ಗ ಮಾಡಿದರು. ನನ್ನನ್ನು ಮಾಡಲಿಲ್ಲ. ಬಾಲ ಹಿಡಿಯುವವನನ್ನು ಎಲ್ಲಿಗೆ ಹಾಕಿದರೂ ಒಂದೇ.

ಇನ್ನು ನಗುವ ಭಾಗ ಒಂದು ಉಳಿದಿದೆ, ಅದನ್ನೂ ಹೇಳಿಬಿಡುತ್ತೇನೆ. ಊರಿನಲ್ಲಿ ಮನೆಗೊಂದರಂತೆ ಒಂಟಿ ಎತ್ತು ಉಳಿಯಿತಲ್ಲ, ಕೊಳ್ಳೋಣವೆಂದರೆ ಸಂತೆ ಬಂದ್, ಇಬ್ಬಿಬ್ಬರು ಸೇರಿ ಜೊತೆ ಮಾಡಿ ಉಳೋಣ ಎಂದುಕೊಂಡರು. ಅತ್ತೆಯೂ ಪಕ್ಕದ ಮನೆಯವರ ಹತ್ತಿರ ಮಾತಾಡಿದಳು. ಎರಡು ಎತ್ತನ್ನು ತಂದು ನೊಗಕ್ಕೆ ಹೂಡಿದಾಗ ಗೊತ್ತಾಯಿತು, ಎರಡೂ ಬಲಗಡೆಯವು. ಹುಟ್ಟಿದಾಗಿನಿಂದ ಬಲಕ್ಕೆ ಕಟ್ಟಿ ಪಳಗಿಸಿದ ಎತ್ತನ್ನು ಎಡಕ್ಕೆ ಕಟ್ಟಿದರೆ ಅದು ನೊಗದ ಕೆಳಗಿನಿಂದ ನುಸುಳಿ ಬಲಕ್ಕೇ ಬಂದು ನಿಲ್ಲುತ್ತದೆ. ಒಂದನ್ನೊಂದು ತಳ್ಳುತ್ತ, ತಿರುಗುತ್ತ, ಆರನ್ನು ಬದುವಿನ ಮೇಲೆ ಹತ್ತಿಸಿದವು. ಪಕ್ಕದ ಹೊಲದಲ್ಲಿಯೂ ಅದೇ ಕತೆ, ಅದರಾಚೆಯಲ್ಲಿಯೂ ಅದೇ. ಇಡೀ ಊರಿನಲ್ಲಿ ಎಡಗಡೆಗೆ ನಿಲ್ಲುವ ಬಿಡಿ ಎತ್ತು ಹುಡುಕಿದರೂ ಇರಲಿಲ್ಲ. ನಾನು ಸಾಲಾಗಿ ನಿಲ್ಲಿಸಿ ಬಣ್ಣ ಬಳಿದವೆಲ್ಲ ಬಲಗಡೆಯವೇ. ದೂರದಿಂದ ನೋಡಿದವರಿಗೆ ಎತ್ತುಗಳೆಲ್ಲ ಕುಣಿಯುತ್ತಿವೆ ಅನ್ನಿಸಬೇಕು. ನಾನು ಬದುವಿನ ಮೇಲೆ ನಿಂತಿದ್ದೆ. ನನಗೂ ನಗು ಬಂತು, ಆಮೇಲೆ ನಿಂತುಹೋಯಿತು.

ಯುಗಾದಿ ಕಳೆದು ಮೊದಲ ಮಳೆ ಬಿದ್ದಾಗ ಮೈದುನ ಬಂದ. ಜಗಳ ಆಡಲಿಲ್ಲ, ಗದರಿಸಲಿಲ್ಲ. ಅವನ ಎತ್ತುಗಳಲ್ಲಿಯೂ ಒಂದು ಸತ್ತಿತ್ತು. ಕೃಷ್ಣರಾಜನಗರದ ಕಡೆಯ ನೆಂಟರಿಂದ ಒಂದು ಜೊತೆ ತಂದುಕೊಂಡಿದ್ದ. ಅತ್ತಿಗೆ, ಹದ ಹೋಗುತ್ತದೆ, ನಾನು ಉಳುತ್ತೇನೆ ಎಂದ. ಅತ್ತೆ ಜಗಲಿಯ ಮೇಲೆ ಕೂತು ಉತ್ತುಕೋ ಎಂದಳು. ಅವನು ಹೊಲಕ್ಕೆ ಆರು ಇಳಿಸಿದ ದಿನವೇ ಅವಳ ಹಿಟ್ಟಿನ ಮಡಕೆ, ಬೀಸುವ ಕಲ್ಲು ಎಲ್ಲ ಅವನ ಮನೆಗೆ ಹೋಯಿತು. ಬಲಗಡೆಯ ಎತ್ತನ್ನು ಅವನ ಕೊಟ್ಟಿಗೆಯ ಕೊನೆಯಲ್ಲಿ ಕಟ್ಟಿದ್ದರು, ಕೆಲಸವಿಲ್ಲದೆ. ಹೋಗಿ ನೋಡಿದಾಗ ಅದು ಎಡಕ್ಕೆ ಇನ್ನೊಂದು ಎತ್ತಿನಷ್ಟು ಜಾಗ ಬಿಟ್ಟುಕೊಂಡು ಗೋಡೆಗೆ ಒತ್ತಿ ನಿಂತಿತ್ತು.

ಮಾರನೆಯ ವರ್ಷ ಹೊಸ ಹುಕುಂ ಬಂತು. ದನದ ಜೊತೆಯಲ್ಲಿ ಒಂದಕ್ಕೆ ಸೂಜಿ ಹಾಕಿ ಇನ್ನೊಂದನ್ನು ಬಿಡತಕ್ಕದ್ದಲ್ಲ, ಎರಡಕ್ಕೂ ಹಾಕತಕ್ಕದ್ದು, ಒಪ್ಪದವರಿಗೆ ಜುಲ್ಮಾನೆ, ಬಣ್ಣದ ಗುರುತು ರದ್ದು, ಕಿವಿ ಕತ್ತರಿಸತಕ್ಕದ್ದು. ನಮ್ಮ ಊರುಗಳಲ್ಲಿ ಆದದ್ದನ್ನು ನೋಡಿಯೇ ಹೀಗೆ ಬರೆದಿದ್ದಾರೆ ಎಂದು ಹೊಸ ಇನ್ಸ್‌ಪೆಕ್ಟರು ಹೇಳಿದರು. ಆ ಸಲವೂ ಜನ ಕೂಗಾಡಿದರು, ಆ ಸಲವೂ ರೋಗ ಬರುವುದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಕತ್ತರಿ ಹಿಡಿದುಕೊಂಡು ಅದೇ ಊರಿಗೆ ಹೋದೆ. ಮಧ್ಯಾಹ್ನ ಮೈದುನನ ಮನೆಯಲ್ಲಿ ಊಟಕ್ಕೆ ಕರೆದರು. ಅತ್ತೆ ಒಲೆಯ ಮುಂದೆ ಇದ್ದಳು. ಹುಕುಂ ಏನು ಎಂದು ಕೇಳಿದಳು. ಹೇಳಿದೆ. ಎರಡಕ್ಕೂ ಹಾಕಬೇಕು ಎಂದು ಹೋದ ವರ್ಷವೇ ಯಾಕೆ ಬರೆಯಲಿಲ್ಲ ಎಂದಳು. ಹೋದ ವರ್ಷ ಯಾರಿಗೂ ಗೊತ್ತಿರಲಿಲ್ಲ ಅತ್ತೆ ಎಂದೆ. ಅವಳು ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿ, ಕೈಗೆ ಅಂಟಿದ ಹಿಟ್ಟನ್ನು ನೀರಿನಲ್ಲಿ ಬಿಡಿಸಿಕೊಳ್ಳುತ್ತ, ನನ್ನ ಕಡೆ ನೋಡದೆ ಹೇಳಿದಳು.

“ಗೊತ್ತಿಲ್ಲ ಅಂದೋರೂ ನೀವೇ ಕಣ್ಲಾ ಮಗ, ಉಕುಂ ಮಾಡ್ದೋರೂ ನೀವೇ. ಎತ್ತು ಮಾತ್ರ ನಂದು. ಉಣ್ಣು, ಆರೋಯ್ತದೆ.”